ನನ್ನ ರಜೆಗೆ ನಿಮ್ಮ ನೋಟಿಸ್

ನಿರ್ದೇಶಕ ಮಂಡಳಿಯ ಮಾನ್ಯರೇ,

ನನ್ನ ಗಂಡನ ಮೇಲೆ ಸಿಟ್ಟು ಮಾಡಿಕೊಳ್ಳುವ ಸರದಿ ನನ್ನದಾಗಿತ್ತು. ನೀವು ನಡುವೆ ನುಗ್ಗಿದ್ದೀರಿ. ಕಳೆದ ವಾರ ನಿಮ್ಮ ಕಚೇರಿಯಿಂದ ಅವನಿಗೊಂದು ನೋಟಿಸ್ ಬಂದಿದೆ. ತನ್ನ ರಜೆಯಲ್ಲಿ ಅವನು ನಿಮ್ಮ ಸಂಸ್ಥೆ ನೌಕರಿ ಹುಡುಕಿಕೊಟ್ಟ ಅಭ್ಯರ್ಥಿಯೊಬ್ಬರ ಜೊತೆ ಬ್ರೆಡ್ ಕಾರ್ಖಾನೆಗೆ ಹೋಗಿದ್ದಾನೆ, ಇದು ಮಂಡಳಿಯ ನಿರ್ಣಯಕ್ಕೆ ವಿರುದ್ಧ, ಆದ್ದರಿಂದ ಅವನನ್ನು ಕೆಲಸದಲ್ಲಿ ಮುಂದುವರಿಸಬೇಕೇ ಬೇಡವೇ ಎಂಬುದನ್ನು ಮುಂದಿನ ಸಭೆಯಲ್ಲಿ ತೀರ್ಮಾನಿಸಲಾಗುವುದು ಎಂದು ಅದರಲ್ಲಿದೆ. ಆ ರಜೆ ಯಾರದ್ದೆಂದು ನಿಮ್ಮಲ್ಲಿ ಒಬ್ಬರಾದರೂ ವಿಚಾರಿಸಿದಿರಾ? ಅದು ನನ್ನದು. ಮದುವೆಯಾದ ಮೇಲೆ ನಾವಿಬ್ಬರೂ ಸಮುದ್ರ ನೋಡಲು ಹೋಗಬೇಕೆಂದು ಎತ್ತಿಟ್ಟಿದ್ದ ರಜೆ. ಅದಕ್ಕೆಂದೇ ನಾನು ಅಗಲ ಅಂಚಿನ ಟೋಪಿ ಕೊಂಡಿದ್ದೆ. ಅದೀಗ ಬೀರುವಿನ ಮೇಲೆ ಕೂತು, ನಾನು ಹೋಗಿಬರುವಾಗಲೆಲ್ಲ ನನ್ನನ್ನೇ ನೋಡುತ್ತಿದೆ. ಕಳವಾದದ್ದು ನನ್ನ ಮನೆಯಲ್ಲಿ, ದೂರು ಕೊಟ್ಟವರು ನೀವು. ಇದು ಯಾವ ಊರಿನ ನ್ಯಾಯ?

ನನ್ನ ಪರಿಚಯ ಹೇಳಿಬಿಡುತ್ತೇನೆ. ನಮ್ಮ ಮದುವೆಯ ಆಲ್ಬಮ್ ಇನ್ನೂ ಫೋಟೊದವನ ಅಂಗಡಿಯಿಂದ ಬಂದಿಲ್ಲ, ಅಷ್ಟು ಹೊಸಬಳು ನಾನು. ‘ನನ್ನ ಗಂಡ’ ಎಂದು ಹೇಳುವಾಗ ನನಗೆ ಇನ್ನೂ ನಗು ಬರುತ್ತದೆ, ಆದ್ದರಿಂದ ಈ ಪತ್ರದಲ್ಲಿ ಆ ಮಾತು ಅಗತ್ಯಕ್ಕಿಂತ ಹೆಚ್ಚು ಸಲ ಬಂದರೆ ಸಹಿಸಿಕೊಳ್ಳಿ. ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಕನ್ನಡದಲ್ಲಿ ನಾನು ಬರೆದ ಪತ್ರವೆಂದರೆ ಪರೀಕ್ಷೆಗಾಗಿ ಬರೆದ ರಜಾ ಅರ್ಜಿ ಮಾತ್ರ. ಈಗ ಬರೆಯುತ್ತಿರುವುದೂ ರಜೆಯ ವಿಷಯಕ್ಕೇ ಎಂಬುದು ನನ್ನ ಹಣೆಬರಹ. ನಿಮ್ಮ ವಾರ್ಷಿಕ ವರದಿಯ ಹಾಗೆ ಇದನ್ನೂ ಇಂಗ್ಲಿಷಿನಲ್ಲೇ ಬರೆಯಬಹುದಿತ್ತು. ಆದರೆ ಆ ವರದಿಯನ್ನು ನಿಮ್ಮ ವರ್ಕ್‌ಶಾಪಿನಲ್ಲಿ ಯಾರೂ ಓದುವುದಿಲ್ಲ. ಇದನ್ನು ಅವರೂ ಓದಲಿ ಎಂದು ಪತ್ರಿಕೆಗೂ ಕಳಿಸುತ್ತಿದ್ದೇನೆ.

ನಿಮ್ಮ ಸಂಸ್ಥೆ ಏನು ಮಾಡುತ್ತದೆಂದು ನಿಮಗೇ ಹೇಳುವುದು ಅಧಿಕಪ್ರಸಂಗ, ಪತ್ರಿಕೆ ಓದುವ ಉಳಿದವರಿಗಾಗಿ ಹೇಳುತ್ತೇನೆ. ಕಾಯಿಲೆಯಿಂದಲೋ, ಜೈಲಿನಿಂದಲೋ, ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಳ್ಳುತ್ತಲೋ, ವರ್ಷಗಟ್ಟಲೆ ಕೆಲಸದಿಂದ ದೂರ ಉಳಿದವರು ಅಲ್ಲಿಗೆ ಬರುತ್ತಾರೆ. ಹಳೇ ಕುರ್ಚಿ, ಮೇಜು, ಕಪಾಟುಗಳನ್ನು ರಿಪೇರಿ ಮಾಡಿ ಮಾರುತ್ತಾರೆ. ಕೈಗೂ ಮನಸ್ಸಿಗೂ ಕೆಲಸದ ಅಭ್ಯಾಸ ಮರಳಿದ ಮೇಲೆ ಸಂಸ್ಥೆ ಅವರಿಗೆ ಹೊರಗೆ ನೌಕರಿ ಹುಡುಕಿಕೊಡುತ್ತದೆ. ಇಷ್ಟನ್ನು ಬೇರೆ ಕಡೆಯೂ ಮಾಡುತ್ತಾರೆ. ನಿಮ್ಮಲ್ಲಿ ಮಾತ್ರ ಇದ್ದದ್ದು ‘ಮೊದಲ ವಾರದ ಜೊತೆ’ ಎಂಬ ಪದ್ಧತಿ. ಹೊಸ ನೌಕರಿಗೆ ಹೋಗುವವರ ಸಂಗಡ ಮೊದಲ ವಾರವಿಡೀ ನನ್ನ ಗಂಡ ಹೋಗುತ್ತಿದ್ದ. ಅದೇ ಬಸ್ಸು, ಅದೇ ಗೇಟು, ಊಟಕ್ಕೆ ಅದೇ ಮೆಟ್ಟಿಲು. ಅವರ ಕೆಲಸ ಅವನು ಮಾಡುತ್ತಿರಲಿಲ್ಲ, ಬುದ್ಧಿ ಹೇಳುತ್ತಿರಲಿಲ್ಲ. ಪಕ್ಕದಲ್ಲಿ ಇರುತ್ತಿದ್ದ, ಅಷ್ಟೇ.

ನನ್ನ ಪಕ್ಕದಲ್ಲಿ ಇರುತ್ತಿರಲಿಲ್ಲ. ಮದುವೆಯಾದ ಮರುವಾರವೇ ಹೋಟೆಲೊಂದರ ಲಾಂಡ್ರಿಗೆ ಯಾರೋ ಹೆಂಗಸು ಸೇರಿದರೆಂದು ಬೆಳಿಗ್ಗೆಯೇ ಹೊರಟುನಿಂತ. ಅಡುಗೆಮನೆಯಲ್ಲಿ ಯಾವ ಡಬ್ಬದಲ್ಲಿ ಸಕ್ಕರೆ, ಯಾವುದರಲ್ಲಿ ಉಪ್ಪು ಎಂದೂ ಗೊತ್ತಿಲ್ಲದ ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವನ ಚೀಲದಲ್ಲಿ ಊಟದ ಡಬ್ಬಿ ಎರಡಿದ್ದವು.

“ಎರಡ್ಯಾಕೆ?” ಎಂದೆ.

“ಮೊದಲ ದಿನ ಗಾಬರೀಲಿ ಡಬ್ಬಿ ಮರೆತು ಬರ್ತಾರೆ” ಎಂದ.

ನಂಬಲು ನನಗೇನು ಹುಚ್ಚೇ? ದೂರು ಹೇಳೋಣವೆಂದು ಒಳಗೆ ಹೋದರೆ ನನ್ನ ಅತ್ತೆ ಬೀನ್ಸ್ ಮುರಿಯುತ್ತ ಕೂತಿದ್ದರು. “ಅವನು ಸ್ಕೂಲಿಗೆ ಹೋಗೋವಾಗ್ಲೇ ಅಳೋ ಮಕ್ಕಳನ್ನೆಲ್ಲ ಕೈ ಹಿಡ್ಕೊಂಡು ಹೋಗ್ತಿದ್ದ. ಅವನ ಬ್ಯಾಗು ನಾನು ಹೊರ್ತಿದ್ದೆ. ಇನ್ನು ಮೇಲೆ ನೀನು ಹೊತ್ಕೋ ತಾಯಿ, ನಂಗೆ ಬೆನ್ನು ನೋವು” ಎಂದರು.

ಮರುದಿನ ನಾನು ಆ ಹೋಟೆಲಿನ ಹಿಂಬದಿಗೆ ಹೋದೆ. ಅಲ್ಲಿ ಗೋಡೆಯ ಕಿಂಡಿಯಿಂದ ಸಾಬೂನಿನ ವಾಸನೆಯ ಹಬೆ ಬರುತ್ತಿತ್ತು, ಒದ್ದೆ ಹೊದಿಕೆಗಳನ್ನು ತುಂಬಿದ ಗಾಲಿಬುಟ್ಟಿಗಳು ಸಾಲಾಗಿ ನಿಂತಿದ್ದವು. ಮೆಟ್ಟಿಲ ಮೇಲೆ ನನ್ನ ಗಂಡ, ಪಕ್ಕದಲ್ಲಿ ಆಕೆ. ನನಗಿಂತ ವಯಸ್ಸಿನಲ್ಲಿ ದೊಡ್ಡವರು, ನನಗಿಂತ ಚೆನ್ನಾಗಿ ನಗುವವರು. ನನ್ನ ಮೈಯೆಲ್ಲ ಉರಿದುಹೋಯಿತು. ಜಗಳಕ್ಕೆ ಒಂದೆರಡು ವಾಕ್ಯ ಜೋಡಿಸಿಕೊಳ್ಳುತ್ತ ಹತ್ತಿರ ಹೋದೆ. ಅಷ್ಟರಲ್ಲಿ ಆಕೆಯೇ ತಲೆಯೆತ್ತಿ ನೋಡಿದರು. ನನ್ನ ಮುಖದಲ್ಲಿ ಏನು ಕಂಡಿತೋ, ಸ್ವಲ್ಪ ಸರಿದು ಜಾಗ ಮಾಡಿದರು.

“ಹೊಸಬಳಾ?”

“ಹೌದು” ಎಂದೆ. ಅದೇನು ಸುಳ್ಳಲ್ಲವಲ್ಲ.

“ಕೂತ್ಕೋಮ್ಮ. ನಿಂತೇ ಇದ್ರೆ ಓಡಿಹೋಗೋಣ ಅನ್ಸುತ್ತೆ. ನಿನ್ನೆ ನಂಗೂ ಹಾಗೇ ಆಗಿತ್ತು. ಇವರಿದಾರಲ್ಲ, ಮಾತು ಕಮ್ಮಿ, ಆದ್ರೆ ಪಕ್ಕದಲ್ಲಿ ಇರ್ತಾರೆ.”

“ಇರ್ತಾರಾ?” ಎಂದು ನಾನು ಅವನ ಮುಖವನ್ನೇ ನೋಡಿ ಕೇಳಿದೆ. ನನ್ನ ಗಂಡ ಗಂಟಲಲ್ಲಿ ತುತ್ತು ಸಿಕ್ಕಿಸಿಕೊಂಡು ಕೆಮ್ಮುತ್ತಿದ್ದ.

“ಎಲ್ಲಿಗೆ ಸೇರ್ಕೊಂಡೆ?”

“ಇವರ ಮನೆಗೆ. ಹೆಂಡ್ತಿಯಾಗಿ.”

ಆಕೆ ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡಿದರು. ಆಮೇಲೆ ಅವನ ಬೆನ್ನಿಗೆ ಒಂದು ಗುದ್ದು ಹಾಕಿದರು. “ಹೊಸ ಹೆಂಡ್ತೀನ ಮನೇಲಿ ಬಿಟ್ಟು ಇಲ್ಲಿ ಬಂದು ಕೂತಿದೀರಲ್ಲ, ಬುದ್ಧಿ ಇದೆಯಾ ನಿಮ್ಗೆ? ನಾಳೆಯಿಂದ ನಾನೊಬ್ಳೇ ತಿಂತೀನಿ, ಮನೆಗೋಗಿ.” ಹಾಗೆ ಹೇಳುತ್ತಲೇ ಎರಡನೇ ಡಬ್ಬಿಯಲ್ಲಿ ಉಳಿದಿದ್ದ ಬೇಯಿಸಿದ ಮೊಟ್ಟೆಯನ್ನು ಸುಲಿದು ನನ್ನ ಕೈಯಲ್ಲಿಟ್ಟರು. ಮದುವೆಯಾದಂದಿನಿಂದ ಊಟವೇ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆ ಮೊಟ್ಟೆ ಇಳಿಯಿತು.

ನನ್ನ ಹೊಟ್ಟೆಕಿಚ್ಚು ಅಲ್ಲಿಗೆ ಆರಿತೆಂದುಕೊಳ್ಳಬೇಡಿ. ಮಾರನೇ ದಿನವೂ ಅವನು ಹೋದ. ನಾನು ಅದೇ ಹೊತ್ತಿಗೆ ಮನೆಯಲ್ಲಿ ತಟ್ಟೆಯ ಮುಂದೆ ಕೂತು, ಈಗ ಅವರು ಡಬ್ಬಿ ಬಿಚ್ಚಿರಬೇಕು, ಈಗ ಆಕೆ ನಗುತ್ತಿರಬೇಕು ಎಂದುಕೊಳ್ಳುತ್ತಿದ್ದೆ. ಆಕೆಯ ನಂತರ ಒಬ್ಬ ತೋಟಗಾರ, ಅವನ ನಂತರ ಹೊಲಿಗೆಯವಳು. ಎಲ್ಲರಿಗೂ ಒಂದೊಂದು ವಾರ ಸಿಕ್ಕಿತು. ಆದರೂ ಒಂದು ಮಾತು ಒಪ್ಪಲೇಬೇಕು. ರಾತ್ರಿ ಊಟಕ್ಕೆ ಕೂತಾಗ ಅವನು ಆ ದಿನದ್ದೆಲ್ಲ ನಮಗೆ ಅಭಿನಯಿಸಿ ತೋರಿಸುತ್ತಿದ್ದ. ತೋಟಗಾರ ಮಾಲೀಕರ ನಾಯಿಗೆ ಹೆದರಿ ನೀರಿನ ಪೈಪು ಹಿಡಿದು ಕುರ್ಚಿ ಹತ್ತಿದ್ದನ್ನು ನೋಡಿ ಅತ್ತೆ ನಕ್ಕು ನಕ್ಕು ಚಮಚ ಬೀಳಿಸಿದ್ದರು. ಹೀಗೆ ನಗಿಸುವ ಮನುಷ್ಯನನ್ನು ನಾನು ಮದುವೆಯಾಗಿದ್ದೆ.

ಅಷ್ಟರಲ್ಲಿ ನೀವು ಆ ಪದ್ಧತಿಯನ್ನು ರದ್ದು ಮಾಡಿದಿರಿ. ಮೊದಲ ವಾರದ ಜೊತೆಯಿಂದ ಆಗುವ ಲಾಭವನ್ನು ಅಳೆಯಲಾಗದು ಎಂಬುದು ನಿಮ್ಮ ನಿರ್ಣಯದ ಸಾರ. ಅಳೆಯಬಲ್ಲ ಪರಿಹಾರವನ್ನೂ ನೀವೇ ಕಂಡುಹಿಡಿದಿರಿ. ಹೊಸ ನೌಕರಿಯವರಿಗೆ ಬೆಳಿಗ್ಗೆ ಫೋನಿನಲ್ಲಿ ನಗುವ ಸೂರ್ಯನ ಚಿತ್ರ, ಕೆಳಗೆ ‘ನಿಮ್ಮಿಂದ ಸಾಧ್ಯ’ ಎಂಬ ಸಂದೇಶ. ಆ ಸೂರ್ಯನನ್ನು ಕಳಿಸುವ ಕೆಲಸ ನನ್ನ ಗಂಡನಿಗೆ. ತಿರುಗುವ ಕುರ್ಚಿ, ತಣ್ಣನೆ ಗಾಳಿಯ ಕೋಣೆ, ಸಂಜೆ ಹೊತ್ತಿಗೆ ಸರಿಯಾಗಿ ಮನೆ. ನಾನು ಕುಣಿದೆ, ಮಾನ್ಯರೇ. ಹಾಸಿಗೆ ಹತ್ತಿ ಕುಣಿದೆ. ಅವನು ಪೂರ್ತಿ ನನ್ನವನಾದ ಎಂದು ನಿಮ್ಮೆಲ್ಲರಿಗೂ ಮನಸ್ಸಿನಲ್ಲೇ ಕೈಮುಗಿದೆ.

“ಏನಾಯ್ತು ಇವತ್ತು?” ಎಂದು ಊಟಕ್ಕೆ ಕೂತಾಗ ಕೇಳುತ್ತಿದ್ದೆ.

“ಮೆಸೇಜ್ ಹೋಯ್ತು” ಎನ್ನುತ್ತಿದ್ದ.

ಮರುದಿನ ಕೇಳಿದರೂ ಮೆಸೇಜ್ ಹೋಯ್ತು. ಅದರ ಮರುದಿನ ಅತ್ತೆ ನನಗಿಂತ ಮೊದಲೇ “ಮೆಸೇಜ್ ಹೋಯ್ತೇನೋ?” ಎಂದು ಕೇಳಿ ಅನ್ನ ಬಡಿಸಿದರು. ಅವನು ನಗಲಿಲ್ಲ. ನೀವು ನನಗೆ ಗಂಡನನ್ನು ವಾಪಸ್ ಕಳಿಸಿದಿರಿ ನಿಜ, ಆದರೆ ಅದಲುಬದಲಾಗಿದೆ. ನಾನು ಕೊಟ್ಟವನು ಇವನಲ್ಲ. ಲಾಂಡ್ರಿ ಅಕ್ಕನಿಗೆ ಒಂದು ವಾರ ಸಿಕ್ಕ ಮನುಷ್ಯ ನನಗೆ ದಿನವಿಡೀ ಸಿಕ್ಕರೂ ಸಿಗುತ್ತಿರಲಿಲ್ಲ. ಈ ಹೊಟ್ಟೆಕಿಚ್ಚು ಮೊದಲಿನದಕ್ಕಿಂತ ಕೆಟ್ಟದ್ದು.

ಈಗ ಬ್ರೆಡ್ ಕಾರ್ಖಾನೆಯ ವಿಷಯ. ವರ್ಕ್‌ಶಾಪಿನಲ್ಲಿ ಎಲ್ಲರೂ ಗಡ್ಡದಣ್ಣ ಎಂದು ಕರೆಯುವ ಒಬ್ಬರಿದ್ದಾರೆ. ಹಿಂದೆ ಕೆಲಸಕ್ಕಿದ್ದ ಮುದ್ರಣಾಲಯ ಮುಚ್ಚಿದ ಮೇಲೆ ಬಹಳ ವರ್ಷ ಮನೆಯಲ್ಲೇ ಕೂತವರು. ಅವರಿಗೆ ಬ್ರೆಡ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮೊದಲ ದಿನ ಬೆಳಿಗ್ಗೆ ನಿಮ್ಮ ಸೂರ್ಯನೂ ತಪ್ಪದೆ ಹುಟ್ಟಿದ. ಅವರು ಕಾರ್ಖಾನೆಯ ಎದುರಿನ ಫುಟ್‌ಪಾತಿನವರೆಗೆ ಹೋದರು. ಬಿಳಿ ಟೋಪಿ ಹಾಕಿದವರು ಗುಂಪುಗುಂಪಾಗಿ ಮಾತಾಡುತ್ತ ಒಳಗೆ ಹೋಗುವುದನ್ನು ನೋಡಿದರು. ರಸ್ತೆ ದಾಟಲಾಗಲಿಲ್ಲ. ಸಂಜೆಯವರೆಗೆ ಪಾರ್ಕಿನಲ್ಲಿ ಕೂತಿದ್ದು, ಕೆಲಸ ಚೆನ್ನಾಗಿದೆ ಎಂದು ಮನೆಯಲ್ಲಿ ಹೇಳಿದರು. ಮರುದಿನವೂ ಅದೇ. ಕಾರ್ಖಾನೆಯ ಮೇಲ್ವಿಚಾರಕರು ಒಳ್ಳೆಯವರು. ಸೋಮವಾರ ಬಂದರೆ ಸರಿ, ಇಲ್ಲವಾದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇನೆ ಎಂದು ನನ್ನ ಗಂಡನಿಗೆ ಫೋನ್ ಮಾಡಿದರು. ತಾನು ಜೊತೆಗೆ ಹೋಗಲೇ ಎಂದು ನನ್ನ ಗಂಡ ನಿಮ್ಮ ಕಚೇರಿಯನ್ನು ಕೇಳಿದ. ಪದ್ಧತಿ ರದ್ದಾಗಿದೆ ಎಂಬ ಉತ್ತರ ಬಂತು. ನಮ್ಮ ಸಮುದ್ರದ ಬಸ್ಸು ಭಾನುವಾರಕ್ಕಿತ್ತು.

“ಸಮುದ್ರ ಎಲ್ಲಿಗೂ ಹೋಗಲ್ಲ ಕಣೇ” ಎಂದ.

“ನಾನು ಹೋಗ್ತೀನಿ” ಎಂದೆ.

“ಅವರು ಮನೇಲಿ ಸುಳ್ಳು ಹೇಳ್ತಿದಾರೆ. ಈಗ ಈ ಕೆಲಸ ಹೋದ್ರೆ ಮತ್ತೆ ಮನೆಯಿಂದ ಹೊರಗೇ ಬರಲ್ಲ.”

“ನಿನ್ನ ರಜೆ ಯಾರಿಗೆ ಅಂತ ಬರ್ಕೊಟ್ಟಿದ್ದೆ ನೀನು?”

“ನಿಂಗೆ.”

“ಮತ್ತೆ ಅವರಿಗ್ಯಾಕೆ ಕೊಡ್ತಿದೀಯ? ಗಡ್ಡ ಇದೆ ಅಂತನಾ?”

ಒಳಗಿನಿಂದ ಅತ್ತೆ ಕೂಗಿದರು. “ಟಿಕೆಟ್ ಕ್ಯಾನ್ಸಲ್ ಮಾಡೋ ಮುಂಚೆ ನನ್ನನ್ನ ಒಂದು ಮಾತು ಕೇಳ್ರೋ. ನಾನೂ ಸಮುದ್ರ ನೋಡಿಲ್ಲ.”

ನಾನು ಹೋಗಲಿಲ್ಲ. ಅವನಿಲ್ಲದ ಸಮುದ್ರ ಬರೀ ನೀರು. ಆದರೆ ಮಾತು ಬಿಟ್ಟೆ. ಸೋಮವಾರ ಮುಂಜಾನೆ ಅವನು ತಾನೇ ಎರಡು ಡಬ್ಬಿ ತುಂಬಿಕೊಂಡು ಹೋದ. ಸಂಜೆ ಬಂದಾಗ ಮೈಯೆಲ್ಲ ಹೊಸ ಬ್ರೆಡ್ಡಿನ ವಾಸನೆ, ಕಿವಿಯ ಸಂದಿಯಲ್ಲಿ ಹಿಟ್ಟು. ಯಾವುದೋ ಹಾಡು ಗುನುಗುತ್ತಿದ್ದ. ನಾನು ಮಾತಾಡದಿದ್ದರೂ ಊಟಕ್ಕೆ ಕೂತಾಗ ಅಭಿನಯ ಶುರುವಾಯಿತು. ಗಡ್ಡಕ್ಕೆ ಬಲೆ ಕಟ್ಟಿಕೊಳ್ಳಬೇಕೆಂದು ಕಾರ್ಖಾನೆಯಲ್ಲಿ ಹೇಳಿದಾಗ ಅವರು ಅದನ್ನು ಮೂಗಿನ ಮೇಲೆ ಎಳೆದುಕೊಂಡು, ಉಸಿರು ಕಟ್ಟಿ, ಸುತ್ತಲಿದ್ದವರೆಲ್ಲ ನಕ್ಕು, ಕೊನೆಗೆ ಅವರೂ ನಕ್ಕದ್ದು. ನಗಬಾರದೆಂದು ನಾನು ನೀರು ಕುಡಿದೆ. ಮೂಗಿನಿಂದ ಬಂತು. ವಾರದ ಕೊನೆಯಲ್ಲಿ ಗಡ್ಡದಣ್ಣನೇ ಅವನಿಗೆ ಹೇಳಿದರಂತೆ: “ನಾಳೆ ನೀವು ಬರೋದು ಬೇಡ. ಒಬ್ಬ ಹೊಸಬ ಬರ್ತಿದಾನೆ, ನನ್ನ ಪಕ್ಕ ಅವನಿಗೆ ಜಾಗ ಬೇಕು.”

ಇದಕ್ಕೆ ನೀವು ನೋಟಿಸ್ ಕೊಟ್ಟಿದ್ದೀರಿ.

ಕೆಲವು ಪ್ರಶ್ನೆಗಳಿವೆ. ನಿಮ್ಮ ಮಂಡಳಿಗೆ ಹೊಸ ನಿರ್ದೇಶಕರು ಬಂದಾಗ ಹಳಬರೊಬ್ಬರು ಮೊದಲ ಸಭೆಗಳಲ್ಲಿ ಅವರ ಪಕ್ಕದಲ್ಲೇ ಕೂರುತ್ತಾರಂತೆ. ಯಾವ ಕಾಗದದಲ್ಲಿ ಏನಿದೆ, ಯಾರು ಯಾರ ಮಾತಿಗೆ ಸಿಟ್ಟಾಗುತ್ತಾರೆ, ಚಹಾ ಎಲ್ಲಿ ಸಿಗುತ್ತದೆ ಎಂದು ಕಿವಿಯಲ್ಲಿ ಹೇಳಿಕೊಡುತ್ತಾರಂತೆ. ಒಳ್ಳೆಯ ಪದ್ಧತಿ. ಅದರ ಲಾಭವನ್ನು ಯಾವ ಅಳತೆಪಟ್ಟಿಯಿಂದ ಅಳೆದಿರಿ? ಅದನ್ನೂ ರದ್ದು ಮಾಡಿ ಅವರ ಫೋನಿಗೆ ಒಬ್ಬ ಸೂರ್ಯನನ್ನು ಕಳಿಸಿದರಾಗದೇ? ನೀವು ಓದಿದವರು, ಊರಿಗೆ ಬೇಕಾದವರು, ಸಭೆಗಳಲ್ಲೇ ಕೂದಲು ಹಣ್ಣಾದವರು. ನಿಮಗೇ ಮೊದಲ ದಿನ ಪಕ್ಕದಲ್ಲೊಬ್ಬರು ಬೇಕು. ವರ್ಷಗಟ್ಟಲೆ ಬಾಗಿಲು ಹಾಕಿಕೊಂಡು ಕೂತವರಿಗೆ ಬೇಡವೇ? ನೀವು ಕೂರುವ ಕುರ್ಚಿಗಳಿಗೆ ಬೆತ್ತ ಹೆಣೆದವರು ಅವರೇ ಎಂಬುದಾದರೂ ನೆನಪಿದೆಯೇ? ಮತ್ತೊಂದು ಪ್ರಶ್ನೆ. ರಜೆಯಲ್ಲಿ ನನ್ನ ಗಂಡ ಎಲ್ಲಿಗೆ ಹೋಗಬೇಕು, ಯಾರ ಜೊತೆ ಊಟ ಮಾಡಬೇಕು ಎಂದು ಕೇಳುವ ಅಧಿಕಾರ ನನಗೇ ಇನ್ನೂ ಸರಿಯಾಗಿ ಬಂದಿಲ್ಲ. ನಿಮಗೆ ಯಾವಾಗ ಬಂತು?

ಇಷ್ಟು ದಿನ ಲಾಂಡ್ರಿ ಅಕ್ಕನ ಮೇಲೆ, ಗಡ್ಡದಣ್ಣನ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಈಗ ನಿಮ್ಮ ಮೇಲೆ ಪಡುತ್ತಿದ್ದೇನೆ. ಅವನು ಒಳ್ಳೆಯವನೋ ಕೆಟ್ಟವನೋ ಎಂದು ಬಾಗಿಲು ಹಾಕಿಕೊಂಡು ಮಾತಾಡುವವರು ನೀವಂತೆ. ಅವನನ್ನು ಬಿಟ್ಟುಬಿಡುವ ಹಕ್ಕೂ ನಿಮಗಿದೆಯಂತೆ. ನನಗೆ ಆ ಹಕ್ಕಿಲ್ಲ, ಬೇಕಾಗಿಯೂ ಇಲ್ಲ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ನೋಟಿಸನ್ನು ಹಿಂದೆಗೆದುಕೊಳ್ಳಿ. ಮೊದಲ ವಾರದ ಜೊತೆಯನ್ನು ಮತ್ತೆ ಆರಂಭಿಸಿ, ಆ ತಿರುಗುವ ಕುರ್ಚಿಯನ್ನು ಅಂಗಡಿಯಲ್ಲಿಟ್ಟು ಮಾರಿಬಿಡಿ. ಅವನಿಗೆ ಸಮುದ್ರದ ರಜೆಯನ್ನು ಮತ್ತೊಮ್ಮೆ ಕೊಡಿ. ಆ ಬಸ್ಸಿನಲ್ಲೂ ಮೊದಲ ಸಲ ಕೆಲಸಕ್ಕೆ ಹೊರಟ ಯಾರಾದರೂ ಸಿಕ್ಕಿ, ಅವನು ಎದ್ದು ಅವರ ಪಕ್ಕ ಹೋಗಿ ಕೂರುತ್ತಾನೆಂದು ನನಗೆ ಗೊತ್ತು. ಆಗ ಅವನನ್ನು ನಾನು ನೋಡಿಕೊಳ್ಳುತ್ತೇನೆ. ನೀವು ನಡುವೆ ಬರಬೇಡಿ.

ಸಭೆಯ ದಿನ ಅವನಿಗೆ ಒಬ್ಬನೇ ಬರಲು ಹೇಳಿದ್ದೀರಿ. ಮಂಡಳಿಯ ಮುಂದೆ ಹಾಗೆ ನಿಲ್ಲುವುದು ಅವನಿಗೆ ಇದೇ ಮೊದಲು. ಎರಡು ದಿನದಿಂದ ಅವನಿಗೆ ಊಟ ಇಳಿಯುತ್ತಿಲ್ಲ. ಹೀಗಾಗಿ ಅವನ ಜೊತೆ ನಾನು ಬರುತ್ತೇನೆ. ಒಳಗೆ ಕರೆಯದಿದ್ದರೂ ಚಿಂತೆಯಿಲ್ಲ, ನಿಮ್ಮ ಕಟ್ಟಡಕ್ಕೆ ಮೆಟ್ಟಿಲಿದೆ, ನೋಡಿಕೊಂಡು ಬಂದಿದ್ದೇನೆ. ಎರಡು ಡಬ್ಬಿ ತರುತ್ತೇನೆ. ಲಾಂಡ್ರಿ ಅಕ್ಕನೂ ಗಡ್ಡದಣ್ಣನೂ ಪಾಳಿ ಬದಲಿಸಿಕೊಂಡು ಬರುತ್ತಾರಂತೆ. ಬರಲಿ. ಮೆಟ್ಟಿಲು ಅಗಲವಾಗಿದೆ. ಆದರೆ ಅವನ ಪಕ್ಕದ ಜಾಗ ನನ್ನದೆಂದು ಇಬ್ಬರಿಗೂ ಈಗಲೇ ಹೇಳಿಟ್ಟಿದ್ದೇನೆ.

ಇಂತಿ,
ತನ್ನ ಗಂಡನ ಪಕ್ಕದ ಜಾಗಕ್ಕೆ ಇನ್ನೂ ಸರದಿಯಲ್ಲಿ ನಿಂತಿರುವ,
ಟೋಪಿಯಿದ್ದೂ ಸಮುದ್ರ ಕಾಣದ
ಹೊಸ ಹೆಂಡತಿ