ಮದುವೆಯಾದ ಮೇಲೆ ಕಾಣೆಯಾದವರು

ಜೂನ್ 10, ಸೋಮವಾರ

ಮತ್ತೆ ಎಕ್ಸೆಲ್. ತರಬೇತಿಯಿಂದ ಕೆಲಸ ಸಿಗುತ್ತಿದೆಯೇ ಎಂದು ಇಲಾಖೆಗೆ ವರದಿ ಕೊಡಬೇಕು. ಸುದ್ದಗುಂಟೆಪಾಳ್ಯದ ಬಿಲ್ಲಿಂಗ್ ತರಬೇತಿ ಕೇಂದ್ರದಲ್ಲಿ ಕಲಿತ ಹುಡುಗಿಯರು ಒಂದು ಕಡೆ, ಅರ್ಜಿ ಹಾಕಿಯೂ ಸೀಟು ಸಿಗದವರು ಇನ್ನೊಂದು ಕಡೆ. ಎರಡೂ ಕಡೆಯವರ ಹೆಸರನ್ನು, ಕೆಲಸದಲ್ಲಿರುವವರು ಸಿಗುವ ಪಿಎಫ್ ದಾಖಲೆಯ ಜೊತೆ ತಾಳೆ ನೋಡಿದೆ. ವಿಚಿತ್ರ. ಕಲಿತವರಿಗಿಂತ ಕಲಿಯದವರಿಗೇ ಹೆಚ್ಚು ಕೆಲಸ. ತರಬೇತಿ ಕೊಟ್ಟು ಕೆಲಸ ತಪ್ಪಿಸಿದರೇ?

ಬಂದದ್ದನ್ನು ಬರೆದು ಕಳಿಸು ಎಂದರು ನಮ್ಮ ಬಾಸ್ ವಿಜಯಕುಮಾರ್ ಸಾರ್. ಬರೆದರೆ ಇಲಾಖೆ ಕೇಂದ್ರವನ್ನು ಮುಚ್ಚುತ್ತದೆ. ಮುಚ್ಚಲಿ... ಆದರೆ ಯಾಕೆ ಹೀಗೆ ಅಂತ ತಿಳಿಯದೆ ನನಗೆ ಊಟ ಸೇರುವುದಿಲ್ಲ.

ಜೂನ್ 12

ಕೇಂದ್ರಕ್ಕೆ ಹೋಗಿದ್ದೆ. ನಡೆಸುವವರು ಸುಧಾಮಣಿ. ಟೀ ಕೊಡುತ್ತಲೇ ಗದರಿದರು. ನಾನು 'ಕೆಲಸವಿಲ್ಲ' ಎಂದು ಗುರುತು ಹಾಕಿದ್ದ, ಇಲ್ಲೇ ಕಲಿತ ಪ್ರಿಯಾಂಕಾ ಬಿಟಿಎಂ ಲೇಔಟಿನ ಔಷಧಿ ಅಂಗಡಿಯಲ್ಲಿ ಇದ್ದಾಳಂತೆ. ಪಿಎಫ್ ಕೂಡ ಕಟ್ಟುತ್ತಾರಂತೆ. ಹಾಗಾದರೆ ದಾಖಲೆಯಲ್ಲಿ ಯಾಕಿಲ್ಲ?

ಜೂನ್ 15, ಶನಿವಾರ, ಮಧ್ಯಾಹ್ನ

ಸಿಕ್ಕಿತು! ಕೌಂಟರಿನಲ್ಲಿ ಪ್ರಿಯಾಂಕಾ, ಅವಳ ಬ್ಯಾಡ್ಜಿನಲ್ಲಿ 'ಐಶ್ವರ್ಯಾ'. ಬಾಗಲಕೋಟೆ ಕಡೆಯವಳು. ಕೇಳಿದ್ದಕ್ಕೆ ನಕ್ಕಳು.

"ಮದುವ್ಯಾಗ ಗಂಡನ ಮನಿಯವ್ರು ಹೊಸಾ ಹೆಸರು ಇಟ್ಟಾರ್ರಿ. ಆಧಾರ್‌ನ್ಯಾಗೂ ಅದನ್ನ ಮಾಡಿಸ್ಯಾರ. ಈಗ ನಮ್ಮವ್ವ ಅಷ್ಟ ಪ್ರಿಯಾಂಕಾ ಅಂತಾಳ್ರಿ."

ನಮ್ಮ ಹನುಮಂತನಗರದ ಮನೆಗಳಲ್ಲಿ ಈ ಪದ್ಧತಿ ಕಂಡಿದ್ದಿಲ್ಲ. ಹೆಸರು ಹಿಡಿದು ಹುಡುಕಿದೆ ನೋಡಿ, ಹೆಸರು ಬದಲಾದವರೆಲ್ಲ ಕಾಣೆ. ಕೈಯಲ್ಲಿ ಸರ್ಟಿಫಿಕೇಟ್ ಇದ್ದರೆ ಸಂಬಂಧವೂ ಬೇಗ ಕೂಡಿಬರುತ್ತದಂತೆ. ಅದಕ್ಕೇ ಕಲಿತವರೇ ಹೆಚ್ಚು ಕಾಣೆಯಾಗಿದ್ದು.

ಬಾಯಿ ಸುಮ್ಮನಿರಲಿಲ್ಲ. ಬಸ್ಸಿನಿಂದಲೇ ಸುಧಾಮಣಿಯವರಿಗೆ ಫೋನ್ ಮಾಡಿ, ಕೇಂದ್ರ ಉಳಿಯಿತು ಅಂದುಬಿಟ್ಟೆ. ಆ ಕಡೆ ಅಳುತ್ತಿದ್ದರು ಅನ್ನಿಸಿತು.

ಜೂನ್ 17

ಸಾರ್‌ಗೆ ಎಲ್ಲ ವಿವರಿಸಿದೆ. ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, "ಸೀಟು ಸಿಗದವರಿಗೂ ಮದುವೆ ಆಗಿರುತ್ತಲ್ಲ ಮೇಘಶ್ರೀ? ಎರಡೂ ಕಡೆ ನೋಡಮ್ಮ."

ಹೌದಲ್ಲ... ಇದು ನನಗೇ ಹೊಳೆಯಬೇಕಿತ್ತು. ಇನ್ನು ಹೆಸರು ಬೇಡ. ಹುಟ್ಟಿದ ದಿನ, ಮೊಬೈಲ್ ನಂಬರ್ ಇಟ್ಟುಕೊಂಡು ಮೊದಲಿನಿಂದ.

ಜೂನ್ 24, ಸಂಜೆ

ಕಲಿತವರ ಪಟ್ಟಿ ಮುಗಿಯಿತು. ಕಾಣೆಯಾದವರು ಒಬ್ಬೊಬ್ಬರಾಗಿ ಸಿಕ್ಕರು. ನೂರಕ್ಕೆ ನಲವತ್ತರಷ್ಟು ಮಂದಿಗೆ ಕೆಲಸ. ಖುಷಿಯಲ್ಲಿ ಕಾಫಿಗೆ ಎದ್ದೆ. ವಾಪಸ್ ಬರುವಷ್ಟರಲ್ಲಿ ಸೀಟು ಸಿಗದವರ ಲೆಕ್ಕವೂ ಬಂದಿತ್ತು. ಅವರಲ್ಲೂ ನಲವತ್ತೇ.

ಮತ್ತೆ ನೋಡಿದೆ. ಅಷ್ಟೇ. ತರಬೇತಿಯಿಂದ ಯಾರಿಗೂ ಕೆಟ್ಟದ್ದಾಗಿಲ್ಲ. ಒಳ್ಳೆಯದೂ ಆಗಿಲ್ಲ.

ಹಾಗಾದರೆ ಪ್ರಿಯಾಂಕಾಗೆ ಕೆಲಸ ಸಿಕ್ಕಿದ್ದು ಹೇಗೆ? ಇದನ್ನು ಬರೆದರೆ ಕೇಂದ್ರ ಮುಚ್ಚುವುದು ಖಂಡಿತ, ಆದರೂ ತಿಳಿಯುವ ಆಸೆ ಹೋಗುತ್ತಿಲ್ಲ. ನನಗೇ ನಾಚಿಕೆ.

ಸುಧಾಮಣಿಯವರ ಫೋನ್ ಬರುತ್ತಿದೆ. ನನ್ನ ಮಾತು ನಂಬಿ ಹೊಸ ಬ್ಯಾಚಿಗೆ ಹುಡುಗಿಯರನ್ನು ಸೇರಿಸಿಕೊಂಡಾಗಿದೆ. ನಾಳೆ ಪೂಜೆ, ದೀಪ ನೀವೇ ಹಚ್ಚಬೇಕು ಎಂದು ಬೆಳಿಗ್ಗೆ ಮೆಸೇಜ್ ಹಾಕಿದ್ದರು. ಎತ್ತಬೇಕು. ಎತ್ತಿ ಏನೆಂದು—