ಸೈ ಎನ್ನುವವರೆಗೆ

ಫೆಬ್ರುವರಿ 6

ಇವತ್ತೂ ಆ್ಯಪ್‌ನ ಬಟನ್ ಬಣ್ಣದ ಜಗಳ. ಬಾಸ್‌ಗೆ ಕಿತ್ತಳೆ ಬೇಕು, ನನಗೆ ಹಸಿರು. ಊಟದ ಹೊತ್ತಿಗೆ ಹಸಿರು ಗೆದ್ದಿತು. ಬಾಸ್‌ಗೆ ಹಸಿವಾಗಿತ್ತು, ಅಷ್ಟೇ.

ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಆ್ಯಪ್ ವಿವರಿಸುವುದು ನನ್ನ ಪಾಲು. ಹೇಳಿ ಹೇಳಿ ಬಾಯಿಪಾಠ. ಹೆಸರು 'ಸೈ'. ನಿಮಗೆ ಯಾವುದರ ಭಯವೋ ಬರೆಯಿರಿ. ಒಂದು ಸಣ್ಣ ಸವಾಲು ಬರುತ್ತದೆ. 'ಶುರು' ಒತ್ತಿದರೆ ಹತ್ತಿರದ ಸದಸ್ಯರ ಫೋನುಗಳು ಗಂಟೆ ಹೊಡೆಯುತ್ತವೆ. ಯಾರಾದರೊಬ್ಬರು ನಡೆದು ಬಂದು, ಕಣ್ಣಾರೆ ನೋಡಿ, 'ಸೈ' ಒತ್ತಬೇಕು. ಫೋಟೊ ಆಗದು, ವಿಡಿಯೊ ಆಗದು. ಸೈ ಬಿದ್ದರೆ ಮುಂದಿನ ಸವಾಲು, ಇದಕ್ಕಿಂತ ಸ್ವಲ್ಪ ದೊಡ್ಡದು.

ಸಾಕ್ಷಿ ಇರಬೇಕೆಂದವಳು ನಾನೇ. ಅಜ್ಜಿ ಕಥೆ ಹೇಳುವಾಗ ನಾನು ಹ್ಞೂಂಗುಟ್ಟುವುದನ್ನು ಮರೆತರೆ, ರಾಜಕುಮಾರನನ್ನು ಹುಲಿಯ ಬಾಯಲ್ಲೇ ಬಿಟ್ಟು ಮಗ್ಗುಲಾಗಿಬಿಡುತ್ತಿದ್ದಳು. ಕೇಳುವವರಿಲ್ಲದೆ ಕಥೆ ನಡೆಯದು. ನೋಡುವವರಿಲ್ಲದೆ ಧೈರ್ಯವೂ ನಡೆಯದು ಎಂದು ವಾದಿಸಿದ್ದೆ. ಬಾಸ್ ಚಪ್ಪಾಳೆ ಹೊಡೆದಿದ್ದ.

ಸಂಜೆ ಅಕ್ಕನ ಫೋನಿಗೂ ಹಾಕಿಕೊಟ್ಟೆ.

"ಏನೇ, ನನ್ನನ್ನ ಪ್ರಯೋಗದ ಇಲಿ ಮಾಡ್ತಿದ್ದೀಯಾ?"

"ಇಲಿಗೆ ಇಷ್ಟು ಬಾಯಿ ಇರಲ್ಲ ಅಕ್ಕ."

ಹೊಲಿಗೆ ಮಷಿನ್ ನಿಲ್ಲಿಸಿ ಯೋಚಿಸಿದಳು. ಆಮೇಲೆ ಒಂದೇ ಪದ ಬರೆದಳು. ನೀರು.

ಫೆಬ್ರುವರಿ 9

ಶಾಲೆಯಲ್ಲಿದ್ದಾಗ ಅಕ್ಕನ ದೋಣಿ ಮಗುಚಿತ್ತು. ಯಾರೋ ಕೂದಲು ಹಿಡಿದು ಎಳೆದು ಹಾಕಿದರಂತೆ. ಅಂದಿನಿಂದ ಶವರ್ ಕೆಳಗೂ ನಿಂತವಳಲ್ಲ. ಹೊಲಿದ ಬಟ್ಟೆ ತಲುಪಿಸಲು ಹೋಗುವಾಗ ಕೆರೆಯ ರಸ್ತೆ ಬಿಟ್ಟು ಊರೆಲ್ಲ ಸುತ್ತಿ ಹೋಗುತ್ತಾಳೆ.

ಮೊದಲ ಸವಾಲು: ಬಕೆಟ್ ನೀರಿನಲ್ಲಿ ಕಾಲಿಟ್ಟು ನಿಲ್ಲಿ. ಗಂಟೆ ಕೇಳಿ ಬಂದವರು ಕೆಳಮನೆಯ ನರ್ಸಮ್ಮ. ಬಚ್ಚಲ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ಪರೀಕ್ಷೆಯ ಮೇಷ್ಟರ ಹಾಗೆ ನಿಂತರು.

"ಕಣ್ಣು ಮುಚ್ಚಬೇಡಿ. ಮುಚ್ಚಿದ್ರೆ ಸೈ ಇಲ್ಲ."

"ಇದು ಆ್ಯಪ್‌ನಲ್ಲಿ ಇಲ್ಲವಲ್ಲ!" ಅಕ್ಕ ಕಿರುಚಿದಳು.

"ನನ್ನ ಆ್ಯಪ್‌ನಲ್ಲಿ ಇದೆ."

ಸೈ ಬಿತ್ತು. ಫೋನಿನಲ್ಲಿ ಡೋಲಿನ ಸದ್ದು. ಅಕ್ಕ ಬಕೆಟ್‌ನಲ್ಲೇ ಕುಣಿದಳು, ಬಚ್ಚಲೆಲ್ಲ ನೀರು. ಒರೆಸಿದ್ದು ನಾನು.

ಫೆಬ್ರುವರಿ 20

ಕೆರೆಯ ಅಂಚಿನಲ್ಲಿ ಪಾದ ಮುಳುಗಿಸಿದಳಂತೆ. ಆಮೇಲೆ ಮೊಣಕಾಲು. ಮಷಿನ್ ತುಳಿಯುತ್ತ ಹಾಡುತ್ತಾಳೆ. ಎಷ್ಟು ವರ್ಷವಾಗಿತ್ತೋ.

ಆಫೀಸಿನಲ್ಲಿ ಬೇರೆ ತಲೆನೋವು. ಜನ ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದಾರೆ. ಸಾಕ್ಷಿ ಬರುವುದು ತಡವಾದರೆ ಮನೆಗೆ ನಡೆದುಬಿಡುತ್ತಾರೆ. "ಹಿಡಿದು ನಿಲ್ಲಿಸೋಕೆ ಏನಾದ್ರೂ ಹೇಳಿ," ಎಂದ ಬಾಸ್. ನಾನು ಹೇಳಿದೆ: ಸೈ ಬೀಳುವ ಮೊದಲು ಬಿಟ್ಟರೆ ಮೊದಲ ಮೆಟ್ಟಿಲಿಗೆ ವಾಪಸ್. ಕಾಯುವಾಗ ಕಾಣುವ ಮಾತನ್ನೂ ನಾನೇ ಬರೆದೆ. 'ಸಾಕ್ಷಿ ಬರುತ್ತಿದ್ದಾರೆ. ಅಲ್ಲೇ ನಿಂತಿರಿ!' ಪಕ್ಕದಲ್ಲಿ ನಗುವ ಮುಖ. ಅದನ್ನು ಆರಿಸಲು ಮಧ್ಯಾಹ್ನವೆಲ್ಲ ಹೋಯಿತು.

ಫೆಬ್ರುವರಿ 27

ಉಪಾಯ ಫಲಿಸಿದೆ. ಯಾರೂ ಬಿಟ್ಟು ಹೋಗುತ್ತಿಲ್ಲ. ಆಫೀಸಿನಲ್ಲಿ ಕೇಕ್.

ಮನೆಗೆ ಬಂದರೆ ಅಕ್ಕನ ಬಟ್ಟೆ ಹಗ್ಗದ ಮೇಲೆ. ಸೊಂಟದವರೆಗೂ ಒದ್ದೆ. ಕೇಳಿದರೆ ನಕ್ಕಳು. 

ಮಾರ್ಚ್ 4

ರಾತ್ರಿ ನಿದ್ದೆ ಇಲ್ಲ. ಬೆಳಿಗ್ಗೆ ಕೋಡ್ ಬರೆಯುವವಳ ಹತ್ತಿರ ಹೋದೆ. ಅವಳನ್ನು ಎಲ್ಲರೂ ಇರುವೆ ಎನ್ನುತ್ತೇವೆ, ಕೂತಲ್ಲಿ ಕೂರದೆ ಓಡಾಡುತ್ತಾಳೆಂದು. ಕೇಳಿದೆ: ಸೊಂಟದ ನಂತರ ಏನು?

"ಎದೆ."

"ಎದೆ ಆದಮೇಲೆ?"

"ಕುತ್ತಿಗೆ."

"ಆಮೇಲೆ?"

ಇರುವೆ ಪರದೆ ನೋಡಿದಳು. ಕೂತೇ ಇದ್ದಳು. ಅವಳು ಹಾಗೆ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ.

"ಹಿಂದಿನದಕ್ಕಿಂತ ಸ್ವಲ್ಪ ಜಾಸ್ತಿ ಅಂತಷ್ಟೇ ಇದೆ. ಎಲ್ಲಿ ನಿಲ್ಲಿಸಬೇಕು ಅಂತ ನಾವು ಹೇಳೇ ಇಲ್ಲ."

ಸವಾಲು ಎಷ್ಟು ಚಿಕ್ಕದಿರಬಹುದು ಎಂದು ವಾರಗಟ್ಟಲೆ ಚರ್ಚೆ ಮಾಡಿದ್ದೆವು. ತೀರ ಸುಲಭವಾದರೆ ಬೇಜಾರಾಗುತ್ತದಲ್ಲ. ಎಷ್ಟು ದೊಡ್ಡದಿರಬಹುದು ಎಂದು ಒಬ್ಬರೂ ಕೇಳಲಿಲ್ಲ. ನಾನೂ.

ಮಾರ್ಚ್ 5

ಬಾಸ್ ಎದುರು ನಿಂತೆ. ನೀರಿನ ಸವಾಲು ಮೊಣಕಾಲಿಗೇ ನಿಲ್ಲಿಸೋಣ ಎಂದೆ.

"ಮುಂದಿನ ವಾರ ಡೆಮೊ ಇದೆ. ಅಲ್ಲಿವರೆಗೆ ಏನೂ ಮುಟ್ಟೋದು ಬೇಡ."

"ಯಾರಾದ್ರೂ ಮುಳುಗಿದ್ರೆ?"

"ಜನ ಅಷ್ಟು ದಡ್ಡರಾ? ಭಯ ಆದ್ರೆ ಎದ್ದು ಬರ್ತಾರೆ."

ಭಯವಾದರೂ ನಿಲ್ಲಬೇಕೆಂದೇ ಅಲ್ಲವೇ ಇದೆಲ್ಲ ಮಾಡಿದ್ದು?  

ಮಾರ್ಚ್ 8

ಅಕ್ಕನಿಗೆ ಹೇಳಿದೆ. ಇನ್ನು ಸಾಕು, ತೆಗೆದುಬಿಡು. ಅವಳು ಬಾಯಲ್ಲಿದ್ದ ದಾರವನ್ನು ಹಲ್ಲಿನಿಂದ ಕಡಿದಳು.

"ಯಾಕೆ? ನಾನು ಗೆಲ್ತಿದ್ದೀನಿ ಅಂತಾನಾ?"

"ಅದು ನಿಲ್ಲಲ್ಲ ಅಕ್ಕ. ಕುತ್ತಿಗೆ ಆದ್ಮೇಲೂ ಕೇಳುತ್ತೆ. ಅದಕ್ಕೆ ತಲೆ ಯಾವುದು ಕಾಲು ಯಾವುದು ಗೊತ್ತಿಲ್ಲ."

"ನನಗೆ ಗೊತ್ತಲ್ಲ. ಕುತ್ತಿಗೆಗೆ ನಿಲ್ಲಿಸ್ತೀನಿ. ಅದೊಂದು ಆಗಲಿ."

"ಬೇಡ ಅಕ್ಕ."

"ನೀನು ಚಿಕ್ಕವಳಿದ್ದಾಗಿಂದ ನಿನಗೆ ಎಲ್ಲರೂ ಭೇಷ್ ಅಂದಿದ್ದಾರೆ. ನನಗೆ ಯಾರು ಅಂದಿದ್ದಾರೆ ಹೇಳು? ಹೊಲಿಗೆ ಸರಿಯಾಗಿದ್ರೆ ಯಾರೂ ಮಾತಾಡಲ್ಲ, ತಪ್ಪಿದ್ರೆ ಮಾತ್ರ ಬರ್ತಾರೆ. ಮೊನ್ನೆ ದಡದಲ್ಲಿ ಗುರುತಿಲ್ಲದ ಮುದುಕರೊಬ್ಬರು ಸೈ ಒತ್ತಿ, ಟೋಪಿ ತೆಗೆದರು ಗೊತ್ತಾ? ನನಗೆ!"

ಒಬ್ಬಳೇ ಹೋಗಬೇಡ ಎಂದೆ. ಭಾನುವಾರದವರೆಗೆ ಹೋಗುವುದಿಲ್ಲ, ಹೋದರೆ ನಿನ್ನನ್ನು ಕರೆದುಕೊಂಡೇ ಹೋಗುತ್ತೇನೆ ಎಂದಳು. ಮುಖ ನೋಡಿ ಹೇಳಲಿಲ್ಲ.

ಮಾರ್ಚ್ 11, ಬೆಳಿಗ್ಗೆ 10

ಮಾಡಿಬಿಟ್ಟೆವು. ಬಾಸ್ ಮೀಟಿಂಗ್‌ಗೆ ಹೋದ ಕೂಡಲೇ ನಾನು ಮತ್ತು ಇರುವೆ ನೀರಿನ ಸವಾಲುಗಳನ್ನೆಲ್ಲ ಆಫ್ ಮಾಡಿದೆವು. ಒಂದು ಊರಿನದಲ್ಲ, ಎಲ್ಲ ಊರಿನದೂ. ಕೆಲಸ ಹೋದರೆ ಹೋಗಲಿ. 

ಅಕ್ಕನಿಗೆ ಹೇಳೋಣವೆಂದು ಫೋನ್ ಮಾಡಿದೆ. ಎತ್ತಲಿಲ್ಲ. ಮಷಿನ್ ಸದ್ದಿನಲ್ಲಿ ಕೇಳಿರಲಿಕ್ಕಿಲ್ಲ.

10.20

ಮತ್ತೆ ಮಾಡಿದೆ. ರಿಂಗ್ ಆಗುತ್ತದೆ. ಎತ್ತುವುದಿಲ್ಲ. ನರ್ಸಮ್ಮನಿಗೆ ಮಾಡಿದೆ. "ಆಗಲೇ ಹೋದಳಲ್ಲ, ಟವೆಲ್ ಹಿಡ್ಕೊಂಡು. ಕುತ್ತಿಗೇಲಿ ಫೋನಿನ ಪ್ಲಾಸ್ಟಿಕ್ ಚೀಲ ಇತ್ತು."

ಇರುವೆಯನ್ನು ಕೇಳಿದೆ: ಆಗಲೇ ಶುರು ಒತ್ತಿದವರಿಗೆ ಏನಾಗಿರುತ್ತದೆ?

ಅವಳ ಮುಖದಲ್ಲಿ ರಕ್ತವಿರಲಿಲ್ಲ. "ಅವರ ಪರದೆ ಹಾಗೇ ಇರುತ್ತೆ. ಆದ್ರೆ ಸುತ್ತಮುತ್ತ ಗಂಟೆ ಹೊಡೆಯಲ್ಲ."

ಯಾರೂ ಬರುವುದಿಲ್ಲ. 'ಸಾಕ್ಷಿ ಬರುತ್ತಿದ್ದಾರೆ. ಅಲ್ಲೇ ನಿಂತಿರಿ!'

ಹೊರಟೆ.

ಮಧ್ಯಾಹ್ನ, ಮನೆ

ಒದ್ದೆ ಬಟ್ಟೆಯಲ್ಲೇ ಕೂತು ಬರೆಯುತ್ತಿದ್ದೇನೆ.

ದಡದಲ್ಲಿ ಮಡಚಿಟ್ಟ ಟವೆಲ್, ಅದರ ಮೇಲೆ ಚಪ್ಪಲಿ. ನೀರಿನ ಮೇಲೆ ಬರೀ ತಲೆ. ಗದ್ದ ಮೇಲೆತ್ತಿಕೊಂಡಿದ್ದಳು, ಒಂದು ಕೈಯಲ್ಲಿ ಫೋನನ್ನು ದೀಪದ ಹಾಗೆ ಎತ್ತಿ ಹಿಡಿದಿದ್ದಳು. ಕಣ್ಣು ತೆರೆದೇ ಇತ್ತು. ಬಾ ಎಂದು ಕೂಗಿದೆ, ಅಲ್ಲಾಡಲಿಲ್ಲ. ನನ್ನ ಫೋನನ್ನು ದಡದಲ್ಲೇ ಎಸೆದು ನೀರಿಗಿಳಿದೆ. ಹತ್ತಿರ ಹೋಗಿ, "ಸೈ ಅಕ್ಕ! ನಾನು ನೋಡಿದೆ! ಸೈ!" ಎಂದೆ. ಆಗ ತುಟಿ ಅಲ್ಲಾಡಿತು. ಕಾಲು ಬಾರದೆ ನನ್ನ ಮೇಲೇ ಬಿದ್ದಳು. ಇಬ್ಬರೂ ಒಮ್ಮೆ ಮುಳುಗಿದೆವು. ಹೇಗೆ ದಡಕ್ಕೆ ಬಂದೆವೋ, ನೆನಪಿಲ್ಲ.

ನರ್ಸಮ್ಮ ಅಕ್ಕನ ಒದ್ದೆ ಬಟ್ಟೆ ತೆಗೆಸಿ, ಕಂಬಳಿ ಸುತ್ತಿ, ಬಿಸಿನೀರು ಕುಡಿಸಿದರು. ಈಗ ತುಟಿಗೆ ಬಣ್ಣ ಬಂದಿದೆ. ಏನೂ ಆಗುವುದಿಲ್ಲ ಎಂದರು ನರ್ಸಮ್ಮ. ಹೇಳಿ, ಬೇರೆ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.

"ಫೋನ್ ಯಾಕೆ ಎತ್ತಲಿಲ್ಲ?" ಬೈಯುತ್ತಲೇ ಕೇಳಿದೆ.

"ಎತ್ತಿದ್ರೆ ಸವಾಲು ಹೋಗಿಬಿಡುತ್ತೆ ಅಂದ್ಕೊಂಡೆ. ಮತ್ತೆ ಬಕೆಟ್‌ನಿಂದ ಶುರು ಮಾಡಬೇಕಲ್ಲ."

"ಎದ್ದು ಬರೋದಲ್ವಾ, ಯಾರೂ ಬರದಿದ್ರೆ?"

"ಬರ್ತಿದ್ದಾರೆ ಅಂತಿತ್ತಲ್ಲ. ನಗುವ ಮುಖ ಹಾಕಿದ್ರಲ್ಲ."  ಆಮೇಲೆ ಕಂಬಳಿಯೊಳಗಿಂದ ನಿಧಾನವಾಗಿ ಕೇಳಿದಳು. "ನನಗೆ ನೀನು ಬಂದೆ. ಉಳಿದವರಿಗೆ?"

"ಯಾವ ಉಳಿದವರು?"

"ನಾನೊಬ್ಬಳೇನಾ ನೀರು ಅಂತ ಬರೆದಿರೋದು?"

1.15

ಇರುವೆಗೆ ಫೋನ್ ಮಾಡಿದೆ. "ಇದ್ದಾರೆ," ಎಂದಳು. "ಇನ್ನೂ ನಿಂತಿದ್ದಾರೆ." ಎಷ್ಟು ಜನ ಎಂದೆ. ಅತ್ತುಬಿಟ್ಟಳು. ಮತ್ತೆ ಆನ್ ಮಾಡಲು ನೋಡುತ್ತಿದ್ದಾಳೆ, ನಿಂತುಹೋದ ಸವಾಲುಗಳು ಏಳುತ್ತಿಲ್ಲವಂತೆ. ಪೊಲೀಸರಿಗೆ ಹೇಳಿದ್ದಾಳೆ. ಯಾವ ಕೆರೆ, ಎಲ್ಲಿ ಎಂದು ಅವರು ಕೇಳುತ್ತಿದ್ದಾರೆ; ಆಫ್ ಮಾಡಿದಾಗ ಜಾಗದ ಗುರುತು ಅಳಿಸಿಹೋಗಿ, ಊರಿನ ಹೆಸರು, ಫೋನ್ ನಂಬರು ಮಾತ್ರ ಉಳಿದಿವೆ. ಮಳೆ ಬಂದು ನೀರು ಏರುತ್ತಿರುವ ಊರುಗಳೂ ಇವೆಯಂತೆ ಅದರಲ್ಲಿ.

ನಂಬರುಗಳನ್ನು ನನಗೂ ಕಳಿಸಿದಳು. ಅಕ್ಕ ಒಂದು ಫೋನ್ ಹಿಡಿದಿದ್ದಾಳೆ, ನರ್ಸಮ್ಮ ಒಂದು, ನಾನೊಂದು. ಮೂರೂ ಫೋನುಗಳಲ್ಲಿ ರಿಂಗ್ ಆಗುತ್ತಿದೆ. ಸ್ವಿಚ್ ಆಫ್ ಆಗಿಲ್ಲ, ಕಟ್ ಮಾಡುತ್ತಲೂ ಇಲ್ಲ. ಎತ್ತುವುದಿಲ್ಲ ಅಷ್ಟೇ. ಅಕ್ಕ ನನ್ನನ್ನೇ ನೋಡುತ್ತಿದ್ದಾಳೆ. ಯಾಕೆ ಎತ್ತುವುದಿಲ್ಲವೆಂದು ಅವಳಿಗೆ ಗೊತ್ತು.

ರಿಂಗ್ ಆಗುತ್ತಿದೆ. ಇನ್ನೂ ಆಗುತ್ತಿದೆ… ಎತ್ತಿ, ದಮ್ಮಯ್ಯ, ಎತ್ತಿ, ಸೈ, ನಾನು ಹೇಳುತ್ತಿದ್ದೇನೆ, ಸೈ, ಎದ್ದು ಬನ್ನಿ