ಮೂಟೆ ಎತ್ತಿಕೊಡುವವರು

ಪಾಪಾತಿ,

ನಿನಗೆ ಓದಲು ಬಾರದು. ಮನೆ ಪಾಲಾದ ಮೇಲೆ ನನ್ನ ಕಾಗದವನ್ನು ಮಗನ ಕೈಲಿ ಓದಿಸಿ ಕೇಳುವ ಓರಗಿತ್ತಿಯೂ ನೀನಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕೊಯಮತ್ತೂರಿನ ಕಾಲೇಜಿನಿಂದ ಮೊಮ್ಮಗಳು ಮಲ್ಲಿಗಾ ಗೆಳತಿಯರೊಂದಿಗೆ ರಜೆಗೆ ಬಂದಿದ್ದಾಳೆ. ದಾಳ ಉರುಳಿಸುತ್ತ ಬಾಯಲ್ಲೇ ಕಥೆ ಕಟ್ಟುವ ಪರದೇಶದ ಆಟವೊಂದನ್ನು ತಂದಿದ್ದಾಳೆ. ಆಟದಲ್ಲಿ ನಾವೆಲ್ಲ ರಾಕ್ಷಸನ ಗುಹೆಗೆ ಹೊರಟವರು. ಯಾವ ಸಾಮಾನನ್ನು ಎಲ್ಲಿ ಹೊರುತ್ತೇವೆಂದು ಮೊದಲೇ ಹೇಳಬೇಕು. ಹುಡುಗಿಯರು ಕತ್ತಿ ಸೊಂಟಕ್ಕೆ, ಚೀಲ ಬೆನ್ನಿಗೆ ಎಂದರು. ನಾನು ಅಕ್ಕಿ, ಹಗ್ಗ, ಕಂಬಳಿ ಎಲ್ಲವನ್ನೂ ಒಂದೇ ಮೂಟೆ ಕಟ್ಟಿ ತಲೆಯ ಮೇಲೆ ಎಂದೆ.

ದಾರಿಯಲ್ಲಿ ಹೊಳೆ ಬಂತು. ಮೂಟೆ ಇಳಿಸಿ ನೀರು ಕುಡಿದೆ ಎಂದೆ.

"ಸರಿ ಅಜ್ಜಿ, ಹೊರಡು," ಎಂದಳು ಮಲ್ಲಿಗಾ.

"ಮೂಟೆ ತಲೆಗೆ ಎತ್ತಿಕೊಡೋರು ಯಾರೇ?"

"ಅದೆಲ್ಲ ರೂಲ್ಸ್ ಪುಸ್ತಕದಲ್ಲಿ ಇಲ್ಲ ಅಜ್ಜಿ. ನಿಂಗೆ ಅಷ್ಟು ತೂಕ ಹೊರೋ ಬಲ ಐತೆ, ಅಷ್ಟೇ."

"ಹಂಗಾದ್ರೆ ಆ ಪುಸ್ತಕ ಬರೆದೋನು ಒಂದಿನಾನೂ ಹತ್ತಿ ಮೂಟೆ ಹೊತ್ತಿಲ್ಲ, ಬಿಡು."

ಎಲ್ಲರೂ ನಕ್ಕರು. ನಮ್ಮ ಹೊಲದಲ್ಲಿ ಮೊದಲು ನಿನ್ನ ಮೂಟೆಯನ್ನು ನಾನು ಎತ್ತಿಕೊಡುತ್ತಿದ್ದೆ. ನೀನು ಅದನ್ನು ತಲೆಯ ಮೇಲೆ ಹೊತ್ತುಕೊಂಡೇ ಒಂದು ಕೈ ಚಾಚಿ ನನ್ನದನ್ನೂ ಎತ್ತಿಕೊಡುತ್ತಿದ್ದೆ. ಅದನ್ನು ಅವರಿಗೆ ಹೇಳಲಿಲ್ಲ.

ಮೂಟೆ ಬಿಟ್ಟು ಬಾ ಎಂದರು, ನಾನು ಒಪ್ಪಲಿಲ್ಲ. ಅವರು ಗುಹೆಯೊಳಗೆ ಹೋದರು, ರಾಕ್ಷಸನನ್ನೂ ಕೊಂದರು. ನನ್ನ ಸರದಿ ಬಂದಾಗಲೆಲ್ಲ ಮಲ್ಲಿಗಾ ಮಾತ್ರ ಬಿಡದೆ ಕೇಳುತ್ತಿದ್ದಳು, "ಅಜ್ಜಿ, ಈಗೇನ್ ಮಾಡ್ತೀಯ?"

"ಹೊಳೆ ದಡದಲ್ಲೇ ಕೂತಿದ್ದೀನಿ. ಒಬ್ಬಳು ಬರಬೇಕು."